ಹಳದಿ ದಾರದ ಪೆನ್‌ಡ್ರೈವ್

ಟಿಕೋಟಾದ ತಹಶೀಲ್ದಾರ ಕಚೇರಿಗೆ ಹೋಗುವ ದಾರಿಯಲ್ಲಿ ನಿಂತುಹೋದ ಹಿಟ್ಟಿನ ಗಿರಣಿಯೊಂದಿದೆ. ಅದರ ಪಡಸಾಲೆಯಲ್ಲಿ ವಿದ್ಯಾವತಿಯ ಟೇಬಲ್ಲು. ಅರ್ಜಿ, ತಕರಾರು, ಕರಾರುಪತ್ರ, ಪ್ರಮಾಣಪತ್ರ, ಹೀಗೆ ಜನ ಬಾಯಿಂದ ಹೇಳಿದ್ದನ್ನು ಕಚೇರಿಗೆ ತಿಳಿಯುವ ಕನ್ನಡದಲ್ಲಿ ಟೈಪು ಮಾಡಿಕೊಡುವುದು ಆಕೆಯ ಕೆಲಸ. ಹದಿನೈದು ವರ್ಷ ವಿಜಯಪುರದ ಟೈಪಿಂಗ್ ಅಂಗಡಿಯೊಂದರಲ್ಲಿ ಕೂತು ಮಾಡಿದಳು. ಟಿಕೋಟಾ ತಾಲೂಕಾದ ಮೇಲೆ ಇಲ್ಲಿ. ಇಷ್ಟು ವರ್ಷದಲ್ಲಿ ಆಕೆ ಟೈಪು ಮಾಡಿದ ‘ಕಳಕಳಿಯ ವಿನಂತಿ’ಗಳನ್ನು ಒಂದರ ಪಕ್ಕ ಒಂದು ಹಾಸಿಕೊಂಡು ಹೋದರೆ ಅಥಣಿ ಮುಟ್ಟೀತು.

ದಣಿದಿದ್ದಳು. ಮಲಗಿ ಎದ್ದರೆ ಹೋಗುವ ದಣಿವಲ್ಲ ಅದು. ಎದುರಿಗೆ ಕೂತವರು ಬಾಯಿ ತೆರೆಯುವ ಮೊದಲೇ “ಮುಂದ ಹೇಳ್ರಿ” ಎನ್ನುವ ದಣಿವು. ಅಣ್ಣತಮ್ಮಂದಿರ ಬದುವಿನ ಜಗಳ, ನಿಂತುಹೋದ ಪಿಂಚಣಿ, ಹೆಸರಿನಲ್ಲಿ ಒಂದಕ್ಷರ ತಪ್ಪು, ದಾರಿಗೆ ಅಡ್ಡ ಹಾಕಿದ ಮುಳ್ಳು, ಎಲ್ಲವೂ ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತಿದ್ದವು. ನಡುವೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಟೈಪು ಮಾಡಿದ್ದನ್ನು ಓದಿ ಹೇಳುವ ರೂಢಿಯನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಓದಿದರೆ “ಅದು ಹಂಗಲ್ರಿ, ಹಿಂಗ” ಎಂದು ಮತ್ತೊಂದು ತಾಸು ಕೂಡುತ್ತಾರೆ. ಹಾಳೆ ಕೊಟ್ಟು, ಸಹಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿ ಕಳಿಸಿಬಿಡುತ್ತಿದ್ದಳು.

ಈಗ ಲ್ಯಾಪ್‌ಟಾಪೂ ಆಕೆಯ ಹಾದಿಯನ್ನೇ ಹಿಡಿದಿತ್ತು. ಹನ್ನೊಂದು ಇಂಚಿನ ಪುಟ್ಟ ಲ್ಯಾಪ್‌ಟಾಪು. ಬಬಲೇಶ್ವರದಲ್ಲಿ ಕಿರಾಣಿ ಮತ್ತು ಒಣದ್ರಾಕ್ಷಿಯ ಅಂಗಡಿ ಇಟ್ಟಿರುವ ತಮ್ಮ ಸಂಗನಬಸವ ಎಂಟು ವರ್ಷದ ಹಿಂದೆ ತಂದುಕೊಟ್ಟಿದ್ದ. ಮುಂಜಾನೆ ಅದರ ಗುಂಡಿ ಒತ್ತಿ, ಪಡಸಾಲೆ ಕಸ ಹೊಡೆದು, ನೀರು ಚಿಮುಕಿಸಿ, ಎದುರಿನ ಹೊಟೇಲಿಗೆ ಹೋಗಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಮೇಲಿಂದ, ಅದನ್ನು ನಡೆಸುವ ತಂತ್ರಾಂಶದ ಈ ಆವೃತ್ತಿಗೆ ಇನ್ನು ಹೊಸ ರಕ್ಷಣೆ ಸಿಗದು ಎಂಬ ಸೂಚನೆ ಬೇರೆ ದಿನಾಲು ಬರುತ್ತಿತ್ತು. ಅರ್ಜಿ ಬರೆಸಲು ಬಂದವರು ಕಾದು ಕಾದು, ಕೈಗಡಿಯಾರ ನೋಡಿ, “ಮತ್ತ ಬರ್ತೀವ್ರಿ ಬಾಯಾರ” ಎಂದು ಹೋದರೆ ಮತ್ತೆ ಬರುತ್ತಿರಲಿಲ್ಲ.

“ಸಾಕ ಮಾಡಕ್ಕಾ ಇನ್ನ,” ಎಂದ ಸಂಗನಬಸವ ಫೋನಿನಲ್ಲಿ. “ಕಣ್ಣ ಹೋಗ್ಯಾವ, ಮುಂಗೈ ಹೋಗೈತಿ, ಈಗ ಮಿಷನ್ನೂ ಹೋತು. ಸೋಮವಾರ ಗಾಡಿ ಕಳಸ್ತೀನಿ. ಟೇಬಲ್ಲು, ಕುರ್ಚಿ ಎಲ್ಲಾ ಹಾಕ್ಕೊಂಡು ಬಂದು ಬಿಡು. ಗಲ್ಲಾದ ಮ್ಯಾಲ ಕೂಡು, ತಲಿ ಮ್ಯಾಲ ಫ್ಯಾನ್ ಐತಿ.”

ತಮ್ಮನ ಮಾತಿನಲ್ಲಿ ಕಪಟವಿರಲಿಲ್ಲ. ಅಂಗಡಿ ಆಕೆಯ ತವರಿನದೇ, ಗಂಡ ಸಿದ್ದರಾಮನೂ “ನಿನ್ನ ಮನಸ್ಸು” ಎಂದು ಬಿಟ್ಟಿದ್ದ. ವಿದ್ಯಾವತಿಯ ಅರ್ಧ ಮನಸ್ಸು ಆಗಲೇ ಗಾಡಿ ಹತ್ತಿ ಕೂತಿತ್ತು. ಇನ್ನರ್ಧಕ್ಕೆ ಒಂದೇ ಒಂದು ಹಟ. ಗಿರಣಿಯ ಪಡಸಾಲೆಯಲ್ಲಿ ಕೂತರೆ ಆಕೆ ವಿದ್ಯಾವತಿ ಬಾಯಾರು. ಗಲ್ಲಾದ ಮೇಲೆ ಕೂತರೆ ಸಂಗನಬಸವನ ಅಕ್ಕ, ಅಷ್ಟೇ. ಹೊಸ ಲ್ಯಾಪ್‌ಟಾಪು ಕೊಳ್ಳುವ ಮಾತು ಆಕೆಯ ಲೆಕ್ಕದಲ್ಲೇ ಇರಲಿಲ್ಲ. ಸೋಮವಾರದೊಳಗೆ ಇದೇ ಪುಟ್ಟ ಲ್ಯಾಪ್‌ಟಾಪು ಕೆಲಸಕ್ಕೆ ಬಂದರೆ ಟೇಬಲ್ಲು ಇಲ್ಲಿ, ಬರದಿದ್ದರೆ ಬಬಲೇಶ್ವರಕ್ಕೆ ಎಂದು ತನಗೆ ತಾನೇ ಗಡುವು ಹಾಕಿಕೊಂಡಳು. ಮಂಗಳವಾರ ಬೆಳಿಗ್ಗೆ ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು ವಿಜಯಪುರದ ಬಸ್ಸು ಹತ್ತಿದಳು. ಇಟ್ಟಂಗಿಹಾಳ ದಾಟಿ ಅಥಣಿ ರಸ್ತೆಯ ಹೊಸ ಹೊಸ ಲೇಔಟುಗಳ ಫಲಕಗಳು ಬರುವವರೆಗೂ ತೂಕಡಿಸಿದಳು.

ಯುನುಸನ ಅಂಗಡಿ ಗೋಳಗುಮ್ಮಟದ ಹತ್ತಿರ ಒಂದು ಓಣಿಯಲ್ಲಿ. ಒಂದು ಕಾಲಕ್ಕೆ ಇಬ್ಬರೂ ಒಂದೇ ಟೈಪಿಂಗ್ ತರಗತಿಯಲ್ಲಿ ಕಬ್ಬಿಣದ ಮಿಷನ್ನು ಕುಟ್ಟಿದವರು. ವಿದ್ಯಾವತಿ ಸೀನಿಯರ್ ಪರೀಕ್ಷೆ ಪಾಸಾದಳು. ಯುನುಸ ನಪಾಸಾದ, ಮಿಷನ್ನು ಬಿಚ್ಚಿ ಜೋಡಿಸುವುದನ್ನು ಕಲಿತ. ಯಾರು ಗೆದ್ದರು ಎಂದು ಈಗ ಕೇಳಿದರೆ ಇಬ್ಬರೂ ಮತ್ತೊಬ್ಬರ ಕಡೆ ಕೈ ತೋರಿಸುತ್ತಾರೆ. ಅವನ ತಲೆಯೂ ನೆರೆತಿತ್ತು, ಕನ್ನಡಕದ ಮೇಲೊಂದು ಭೂತಗನ್ನಡಿ ಏರಿತ್ತು. ಲ್ಯಾಪ್‌ಟಾಪನ್ನು ತಿರುವಿ ಮುರುವಿ ನೋಡಿ ಅಂದ:

“ಅಕ್ಕಾರ, ಇದಕ್ಕ ಜಡ್ಡ ಏನೂ ಇಲ್ರಿ. ಇದರ ಹೊಟ್ಟಿ ಸಣ್ಣದು, ಎರಡ ಜಿಬಿ. ನೀವು ಇದಕ್ಕ ದಿನಾ ಲಗ್ನದ ಊಟಾ ಬಡಸಾಕತ್ತೀರಿ.”

“ಹೊಟ್ಟಿ ದೊಡ್ಡದ ಮಾಡು ಹಂಗಾರ.”

“ಬರಂಗಿಲ್ರಿ. ಬೋರ್ಡಿಗೇ ಬೆಸಗಿ ಹಾಕ್ಯಾರ. ಊಟಾ ಸಣ್ಣದ ಮಾಡೂದೊಂದ ಹಾದಿ. ಮಿಷನ್ ನಡಸೂ ಹಳೇ ತಂತ್ರಾಂಶ ತಗದು ಲಿನಕ್ಸ್ ಹಾಕೂಣು.”

“ಅದು ಯಾರದು?”

“ಯಾರದೂ ಅಲ್ರಿ, ಎಲ್ಲಾರದೂ. ಊರ ಬಾವಿ ಇದ್ದಂಗ. ಬೇಕಾದವರು ನೀರ ಸೇದಬೇಕು, ಬಂದವರು ಹೂಳ ತಗೀಬೇಕು. ರೊಕ್ಕಾ ಕೊಡೂದಿಲ್ಲ.”

ಪುಕ್ಕಟೆ ಎಂದ ಕೂಡಲೇ ವಿದ್ಯಾವತಿಯ ಹುಬ್ಬು ಏರಿತು. ಪುಕ್ಕಟೆ ಸಿಕ್ಕ ಸಲಹೆಯಿಂದ ಕೆಟ್ಟ ಜನರ ತಕರಾರುಗಳನ್ನು ಟೈಪು ಮಾಡುತ್ತಲೇ ಆಕೆಯ ಕೂದಲು ಬೆಳ್ಳಗಾಗಿದ್ದವು. ಆದರೂ ಕೇಳಿದಳು: “ನನ್ನ ಬೆರಳಿಗಿ ಹೊಂದತೈತೇನು? ಕನ್ನಡ ಹೊಡಿಯೂ ಕಗಪ ಕೀಲಿಮಣಿ ಬಿಟ್ಟು ನಾ ಬ್ಯಾರೆ ಕಲಿಯಾಕಿ ಅಲ್ಲ. ಈ ವಯಸ್ಸಿನ್ಯಾಗ ಹೊಸ ಅಕ್ಷರಾಭ್ಯಾಸ ಬ್ಯಾಡ.”

“ಅದರಾಗೂ ಕಗಪ ಐತ್ರಿ. ಆದ್ರ ಲಿನಕ್ಸಿನ್ಯಾಗ ಹತ್ತ ನಮೂನಿ ಅದಾವ. ಸಣ್ಣ ಮಿಷನ್ನಿಗಿ ಹೊಂದೂವು ಮೂರ ಕೊಡ್ತೀನಿ, ನೋಡ್ರಿ.” ಮೂರು ಪೆನ್‌ಡ್ರೈವ್ ತೆಗೆದು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದ. ಕೆಂಪು ದಾರದ್ದು ಪಪ್ಪಿ, ಹಸಿರು ಆಂಟಿಎಕ್ಸ್, ಹಳದಿ ಲುಬಂಟು. “ಸೀರಿ ಅಂಗಡ್ಯಾಗಿಂದ ನಾಕ ಸೀರಿ ಮನಿಗಿ ಒಯ್ದು ನೋಡ್ತೀರಲ್ಲ, ಹಂಗ ತಿಳೀರಿ. ಇದನ್ನ ಹಚ್ಚಿ ಚಾಲೂ ಮಾಡಿದ್ರ ಹೊಸಾದು ಏಳತೈತಿ, ಒಳಗಿನ ಹಳೇದನ್ನ ಮುಟ್ಟಂಗಿಲ್ಲ. ಸೇರಿದ್ದು ಯಾವದು ಹೇಳ್ರಿ, ಡಿಸ್ಕಿಗಿ ಹಾಕಿ ಕೊಡ್ತೀನಿ. ಅಲ್ಲೀತನ ಅದರಾಗ ಕೆಲಸಾ ಮಾಡಬ್ಯಾಡ್ರಿ ಮತ್ತ, ಅದು ಏನೂ ನೆಪ್ಪ ಇಡಂಗಿಲ್ಲ.”

“ಹೂಂ,” ಎಂದಳು ವಿದ್ಯಾವತಿ. ಎದುರಿಗೆ ಕೂತವರಿಗೆ ಇಪ್ಪತ್ತಮೂರು ವರ್ಷದಿಂದ ಅಂದ ಹಾಗೆಯೇ ಅಂದಳು. ಸೀರೆಯ ಮಾತು ಆಕೆಯ ತಲೆಗೆ ಹೋಯಿತು, ಉಳಿದದ್ದು ಹೋಗಲಿಲ್ಲ.

ಸೀರೆಯ ವಿಷಯದಲ್ಲಿ ಆಕೆಯ ತವರಿನ ಪದ್ಧತಿಯೇ ಬೇರೆ. ಪಂಚಮಿಗೆ ಹೆಣ್ಣುಮಕ್ಕಳು ಬಂದಾಗ ಬಬಲೇಶ್ವರದ ಸೀರೆ ಅಂಗಡಿಯವರು ಗಂಟು ಕಟ್ಟಿ ಸೀರೆ ಕಳಿಸುತ್ತಾರೆ. ಹೆಂಗಸರು ಬಿಚ್ಚಿ ಹಾಸಿ, ಹೆಗಲ ಮೇಲೆ ಹಾಕಿಕೊಂಡು ನೋಡುತ್ತಾರೆ. ಯಾವುದು ಮನಸ್ಸಿಗೆ ಬಂತೋ ಅದು ಆ ಗಳಿಗೆಯಿಂದ ಉಟ್ಟವಳದು, ಉಳಿದದ್ದು ಗಂಟಿನಲ್ಲಿ ತಿರುಗಿ ಹೋಗುತ್ತದೆ. ಅಂಗಡಿಗೆ ಆಮೇಲೆ ಯಾವಾಗಲೋ ಹೇಳಿ ಕಳಿಸಿದರಾಯಿತು. ಸೇರಿದ ಸೀರೆಯನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ “ಇದು ಇನ್ನು ನನ್ನದು ಮಾಡಿಕೊಡಿ” ಎಂದು ಕೇಳಿದವರನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ.

ಬುಧವಾರ ಕೆಂಪು ದಾರದ್ದನ್ನು ಹಚ್ಚಿದಳು. ಚಹಾಕ್ಕೆ ಹೋಗಲೂ ಬಿಡದೆ ಎದ್ದು ಕೂತಿತು. ವರ್ಷಗಟ್ಟಲೆ ಕುಂಟಿದ ಲ್ಯಾಪ್‌ಟಾಪು ಹೀಗೆ ಓಡಿದ್ದನ್ನು ನೋಡಿ ಆಕೆಗೆ ನಗುವೇ ಬಂತು. ಆದರೆ ಪರದೆಯ ತುಂಬ ಚಿಕ್ಕ ಚಿಕ್ಕ ಚಿತ್ರಗಳು, ಸಂತೆಯಲ್ಲಿ ಕಾಳಿನ ರಾಶಿ ಹಾಕಿದಂತೆ. ತನಗೆ ಬೇಕಾದದ್ದು ಎಲ್ಲಿದೆ ಎಂದು ಹುಡುಕುವುದರಲ್ಲಿ ಕಣ್ಣು ನೀರಾಡಿದವು. ಮಧ್ಯಾಹ್ನ ಹಸಿರು. ಅದೂ ಚುರುಕು, ಅದರ ಶಿಸ್ತು ಆಕೆಗೆ ಹಿಡಿಸಿತು, ಆದರೆ ಅಕ್ಷರ ದೊಡ್ಡದು ಮಾಡುವ ಜಾಗ ಸಿಗಲಿಲ್ಲ. ಸಿಗುತ್ತಿತ್ತೇನೋ, ಹುಡುಕುವ ತಾಳ್ಮೆ ಆಕೆಯಲ್ಲಿ ಇರಲಿಲ್ಲ. ಗುರುವಾರ ಹಳದಿ. ಮೂರರಲ್ಲಿ ಇದೇ ನಿಧಾನ. ಆದರೂ ಕಸ ಹೊಡೆದು ಮುಗಿಸುವುದರಲ್ಲಿ ಎದ್ದಿತ್ತು. ಎಡಗಡೆ ಕೆಳಗಿನ ಮೂಲೆಯಲ್ಲಿ ಹಳೆಯದರ ಹಾಗೆಯೇ ಒಂದು ಗುಂಡಿ, ಅದನ್ನು ಒತ್ತಿದರೆ ಎಲ್ಲ ಪಟ್ಟಿ. ಯುನುಸ ಚೀಟಿಯಲ್ಲಿ ಬರೆದುಕೊಟ್ಟಂತೆ ಕೀಲಿಮಣೆಯನ್ನು ಕಗಪಕ್ಕೆ ಹೊಂದಿಸಿ ‘ಮಾನ್ಯರೇ’ ಎಂದು ಹೊಡೆದಳು. ಬೆರಳು ಎಲ್ಲಿಯೂ ಎಡವಲಿಲ್ಲ. ಹಳೆಯ ಪ್ರಿಂಟರಿನ ತಂತಿ ಚುಚ್ಚಿದರೆ ಅದೂ ಏನೂ ಕೇಳದೆ ಹಾಳೆ ಉಗುಳಿತು.

ಇದೇ ಇರಲಿ ಎಂದು ಮನಸ್ಸು ಹೇಳಿತು. ಅಲ್ಲಿಗೆ ಆಕೆಯ ಪಾಲಿಗೆ ಅದು ತನ್ನದಾಯಿತು. ಕೆಂಪು, ಹಸಿರು ಎರಡನ್ನೂ ಯುನುಸನಿಗೆ ಮರಳಿಸಲೆಂದು ಬಟ್ಟೆಯ ತುಂಡಿನಲ್ಲಿ ಕಟ್ಟಿಟ್ಟಳು.

ಶುಕ್ರವಾರ ಮುಂಜಾನೆ ಹಳದಿಯದನ್ನು ಚಾಲೂ ಮಾಡಿದಾಗ ಕೀಲಿಮಣೆ ಮತ್ತೆ ಇಂಗ್ಲಿಷಿನಲ್ಲಿತ್ತು. ನಿನ್ನೆ ಹೊಂದಿಸಿದ್ದೆನಲ್ಲ ಎನ್ನಿಸಿತು. ಹೊಸ ಎತ್ತು, ನಾಲ್ಕು ದಿನ ನೊಗ ಕಲಿಸಬೇಕು ಎಂದುಕೊಂಡು ಮತ್ತೆ ಹೊಂದಿಸಿದಳು. ಅಲ್ಲಿಯೇ ಯುನುಸನಿಗೆ ಒಂದು ಫೋನು ಹಚ್ಚಿದ್ದರೆ ಈ ಕಥೆಯೇ ಇಲ್ಲ. ಆದರೆ ದಣಿದವರಿಗೆ ಪ್ರಶ್ನೆ ಕೇಳುವುದೂ ಒಂದು ಕೆಲಸ. ಬಂದವರ ನಾಲ್ಕು ಅರ್ಜಿ ಹೊಡೆದು, ಅಲ್ಲಲ್ಲೇ ಹಾಳೆ ತೆಗೆದುಕೊಟ್ಟು ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಖಂಡಪ್ಪ ಬಂದ.

ಖಂಡಪ್ಪನಿಗೆ ಎಪ್ಪತ್ತರ ಆಚೆ. ಕುರಿ ಕಾಯುವ ಮನೆತನ. ಮುಪ್ಪಿನಲ್ಲಿ ಕುರಿ ಮಾರಿ, ಟಿಕೋಟಾದ ಹತ್ತಿರದ ಒಂದು ವಸ್ತಿಯಲ್ಲಿ ಮಕ್ಕಳ ಜೊತೆ ಇದ್ದ. ಹೆಂಡತಿ ಭೀಮಾಬಾಯಿ ಹೋದ ವರ್ಷ ತೀರಿಕೊಂಡಿದ್ದಳು. ಆಕೆಯ ಹೆಸರಿನಲ್ಲಿದ್ದ ಹೊಲ ಮಕ್ಕಳ ಹೆಸರಿಗೆ ಆಗಬೇಕು, ಅದಕ್ಕೆ ವಂಶಾವಳಿ ಬೇಕು, ವಂಶಾವಳಿಗೆ ಪ್ರಮಾಣಪತ್ರ. ಇಂಥವನ್ನು ವಿದ್ಯಾವತಿ ನಿದ್ದೆಯಲ್ಲೂ ಹೊಡೆಯಬಲ್ಲಳು.

“ಮಕ್ಕಳೆಷ್ಟ ಮಂದಿ ಕಾಕಾ?”

“ಮೂರ್ರಿ,” ಎಂದ ಖಂಡಪ್ಪ.

“ಎರಡ್ರಿ,” ಎಂದ ಪಕ್ಕದಲ್ಲಿ ನಿಂತಿದ್ದ ಹಿರಿಯ ಮಗ ಸೋಮು. ಅವನಿಗೇ ನಲವತ್ತರ ಮೇಲಾಗಿತ್ತು. “ನಾ, ನನ್ನ ತಮ್ಮ. ಇನ್ನೊಂದು ಸಣ್ಣದಿದ್ದಾಗ ಹೋಗೈತ್ರಿ. ಎಲ್ಲೂ ದಾಖಲಿ ಇಲ್ಲ. ಬಿಟ್ಟಬಿಡಪ್ಪಾ ಅಂದ್ರ ಕೇಳವೊಲ್ಲ.”

“ನಿಮ್ಮವ್ವ ಯಾರ ಕೇಳಿದ್ರೂ ಮೂರು ಅಂತಿದ್ಲು,” ಎಂದ ಮುದುಕ, ಮಗನ ಕಡೆ ನೋಡದೆ. “ಮೂವತ್ತನಾಕ ವರ್ಷ ಮೂರು ಅಂದಾಳ. ಈಗ ಆಕೀ ಕಾಗದದಾಗ ಎರಡು ಅಂತ ಬರಸಿದ್ರ ಆಕೀನ ಸುಳ್ಳಿ ಮಾಡಿದಂಗಾಗತೈತಿ.”

ಸೋಮು ಕೆಟ್ಟವನಲ್ಲ. ಹೊಲದ ಕೆಲಸ ಆರು ತಿಂಗಳಿಂದ ನಿಂತು ಅವನಿಗೂ ಸಾಕಾಗಿತ್ತು. ತಲೆ ಕೊಡವಿ ಎದುರಿನ ಹೊಟೇಲಿಗೆ ಹೋದ. ದಾಖಲೆ ಇಲ್ಲದ ಮಗುವಿನ ಸಂಗತಿಯನ್ನು ವಿವರವಾಗಿ ಬರೆದು ಪ್ರಮಾಣ ಮಾಡಬೇಕಾಗುತ್ತದೆ, ಯಾವಾಗ, ಎಲ್ಲಿ, ಹೇಗೆ ಎಂದು ಹೇಳಬೇಕು ಎಂದಳು ವಿದ್ಯಾವತಿ. ಮಗ ಹೊಟೇಲಿನೊಳಗೆ ಹೋಗುವವರೆಗೆ ಖಂಡಪ್ಪ ಕಾದ. ಆಮೇಲೆ ಹೇಳಿದ. ಒಂದು ತಾಸು ಹಿಡಿಯಿತು. ಅವನು ನಿಂತಲ್ಲಿ “ಮುಂದ ಹೇಳ್ರಿ” ಎಂದಳು, ಅವನು ಹೇಳಿದಂತೆ ಬೆರಳು ಓಡಿಸಿದಳು.

ಹುಡುಗಿಯ ಹೆಸರು ಮಾಳವ್ವ. ಆರು ವರ್ಷ. ಬೇಸಿಗೆಗೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದರು. ಯಾರದೋ ಹೊಲದಲ್ಲಿ ಹಟ್ಟಿ ಹಾಕಿದಾಗ ಜ್ವರ ಬಂತು. ಐದನೆಯ ದಿನ ಬೆಳಗಿನ ಜಾವ ಕೂಸು ತೀರಿಕೊಂಡಿತು. ಹೊಲದವನ ಹೆಸರು ಖಂಡಪ್ಪನಿಗೆ ಗೊತ್ತಿರಲಿಲ್ಲ. ಅವನು ಒಳ್ಳೆಯವನು, ಬದುವಿನ ಪಕ್ಕ ಜಾಗ ತೋರಿಸಿದ. ಹುಟ್ಟಿದ ಮರಿಗಳನ್ನು ಚಳಿಗೆ ಸುತ್ತುವ ಕಂಬಳಿಯ ತುಂಡೊಂದಿತ್ತು, ಅದರಲ್ಲಿ ಸುತ್ತಿದರು. ಈ ಮಾತು ಬಂದಾಗ ವಿದ್ಯಾವತಿಯ ಬೆರಳು ಒಂದು ಗಳಿಗೆ ನಿಂತಿತು, ಮತ್ತೆ ಓಡಿತು. ಕುರಿಗೆ ಮೇವು ಮುಗಿದಿತ್ತು, ಹಿಂಡು ನಿಲ್ಲುವುದಿಲ್ಲ. ಅದೇ ದಿನ ಹೊತ್ತೇರುವ ಮೊದಲು ನಡೆದುಬಿಟ್ಟರು. ಭೀಮಾಬಾಯಿ ಹಿಂದೆ ತಿರುಗಿ ನೋಡುತ್ತ ನಡೆದಳು, ಖಂಡಪ್ಪ ನೋಡಲಿಲ್ಲ. ಮುಂದಿನ ವರ್ಷ ಗುರುತಿಗೆ ಇಟ್ಟ ಕಲ್ಲು ಹುಡುಕಿಕೊಂಡು ಒಬ್ಬನೇ ಹೋದ. ಹೊಲ ಸಮ ಮಾಡಿ ಕಬ್ಬು ಹಚ್ಚಿದ್ದರು. ಕಲ್ಲು ಸಿಕ್ಕಿತು ಎಂದು ಮನೆಗೆ ಬಂದು ಹೆಂಡತಿಗೆ ಸುಳ್ಳು ಹೇಳಿದ.

“ಇದನ್ನ ಯಾರ ಮುಂದೂ ಹೇಳಿದ್ದಿಲ್ರಿ,” ಎಂದ ಕೊನೆಗೆ.

“ಆತು ಕಾಕಾ. ನಾಳೆ ಸ್ಟ್ಯಾಂಪ್ ಪೇಪರ್ ತಗೊಂಡ ಬರ್ರಿ, ಅದರ ಮ್ಯಾಲ ಹೊಡದು ಕೊಡ್ತೀನಿ,” ಎಂದಳು ವಿದ್ಯಾವತಿ. ಕಡತಕ್ಕೆ ‘ಖಂಡಪ್ಪ’ ಎಂದು ಹೆಸರಿಟ್ಟು, ಪರದೆಯ ಮೇಲೆಯೇ ಉಳಿಸಿ, ಸಂಜೆ ಲ್ಯಾಪ್‌ಟಾಪು ಬಂದ್ ಮಾಡಿ ಮನೆಗೆ ಹೋದಳು.

ಶನಿವಾರ ತೆರೆದಾಗ ಪರದೆ ಬೋಳಾಗಿತ್ತು. ಕೀಲಿಮಣೆ ಮತ್ತೆ ಇಂಗ್ಲಿಷು. ಮೊದಲು ತಾನೇ ಎಲ್ಲೋ ಬೇರೆ ಕಡೆ ಇಟ್ಟಿರಬೇಕು ಎಂದುಕೊಂಡಳು. ಪಟ್ಟಿಗಳನ್ನೆಲ್ಲ ತೆರೆದು ತೆರೆದು ಮುಚ್ಚಿದಳು. ಹಳದಿ ದಾರದ್ದನ್ನು ಕಿತ್ತು ಮತ್ತೆ ಚುಚ್ಚಿದಳು, ಕಿತ್ತು ಹಳೆಯದನ್ನು ಎಬ್ಬಿಸಿ ಅರ್ಧ ತಾಸು ಕಾದು ಅದರಲ್ಲೂ ಹುಡುಕಿದಳು. ಕಡೆಗೆ ಯುನುಸನಿಗೆ ಫೋನು ಹಚ್ಚಿದಳು.

“ಅಕ್ಕಾರ, ನಾ ಹೇಳಿದ್ದೆ ಅಲ್ರಿ,” ಎಂದ ಅವನು, ಬಹಳ ಮೆತ್ತಗೆ. “ಅದು ಬರೇ ನೋಡಾಕ ಕೊಟ್ಟಿದ್ದು. ಬಂದ್ ಮಾಡಿದ ಕೂಡ್ಲೇ ಎಲ್ಲಾ ಮರತ ಬಿಡತೈತಿ. ಡಿಸ್ಕಿಗಿ ಹಾಕಿದ ಮ್ಯಾಲನ ಅದು ನಿಮ್ಮದು.”

“ಎಲ್ಲೂ ಉಳದಿರಂಗಿಲ್ಲೇನೋ?”

“ಇಲ್ರಿ ಅಕ್ಕಾರ. ನೀರಾಗ ಬರದಂಗ. ನಾಳೆ ಐತವಾರ ನಾನ ಟಿಕೋಟಾಕ್ಕ ಬಂದು ಹಾಕಿ ಕೊಡ್ತೀನಿ. ಇವತ್ತ ಏನರೆ ಹೊಡಿಯೂದಿದ್ರ ಬ್ಯಾರೆ ಪೆನ್‌ಡ್ರೈವಿಗಿ ಉಳಿಸಿರಿ.”

ಬಯ್ಯಲು ಆಕೆಗೆ ಯಾರೂ ಸಿಗಲಿಲ್ಲ. ಯುನುಸ ಹೇಳಿದ್ದ. ಹೂಂ ಎಂದವಳು ತಾನು. ಎಂಟು ದಿನದಲ್ಲಿ ಮೊದಲ ಸಲ ಗಾಡಿ ಬರುವ ಸೋಮವಾರ ಹತ್ತಿರವಿದೆ ಎಂದು ಸಮಾಧಾನವೇ ಆಯಿತು. ಇನ್ನೊಬ್ಬರ ಮಾತು ಹಿಡಿದಿಡಲಾರದವಳು ಈ ಟೇಬಲ್ಲಿನ ಮುಂದೆ ಕೂತು ಮಾಡುವುದೇನು? ಒಣದ್ರಾಕ್ಷಿ ತೂಗಿದರಾಯಿತು, ಅದಕ್ಕೆ ಬಾಯಿ ಇಲ್ಲ.

ಹನ್ನೊಂದಕ್ಕೆ ಖಂಡಪ್ಪ ಬಂದ. ಸ್ಟ್ಯಾಂಪ್ ಪೇಪರನ್ನು ಮಡಚದಂತೆ ಎರಡು ರಟ್ಟಿನ ನಡುವೆ ಇಟ್ಟು ತಂದಿದ್ದ. ಸೋಮು ಮೋಟರ್ ಸೈಕಲ್ ನಿಲ್ಲಿಸಿ ಹಿಂದೆಯೇ ಬಂದ. ವಿದ್ಯಾವತಿ ಸುತ್ತಿ ಬಳಸಿ ಹೇಳಲಿಲ್ಲ.

“ಕಾಕಾ, ನಿನ್ನೆ ಬರದಿದ್ದು ಹೋತು. ನಂದ ತಪ್ಪು. ಎಲ್ಲಾ ಅಳಸಿ ಹೋಗೈತಿ. ಇನ್ನೊಮ್ಮೆ ಹೇಳಬೇಕಾಗತೈತಿ.”

ಮುದುಕ ಲ್ಯಾಪ್‌ಟಾಪಿನ ಕಡೆ ನೋಡಿದ. ಸಿಟ್ಟು ಬರಲಿ ಎಂದು ವಿದ್ಯಾವತಿ ಕಾದಳು, ಬಂದಿದ್ದರೆ ಹಗುರಾಗುತ್ತಿತ್ತು. ಸಿಟ್ಟು ಬರಲಿಲ್ಲ.

“ಇನ್ನೊಮ್ಮೆ ಹೇಳಾಕ ನನ್ನಿಂದ ಆಗಂಗಿಲ್ಲ ಯವ್ವಾ,” ಎಂದ. “ನಿನ್ನೆ ಹೇಳಿ ಮನಿಗಿ ಹೋದಾಂವ ಉಂಡಿಲ್ಲ. ಹೋಗ್ಲಿ ಬಿಡ್ರಿ. ಆವತ್ತ ಹೊಲದಾಗ ಬಿಟ್ಟ ಬಂದೆ, ಇವತ್ತ ಇಲ್ಲಿ. ಆಕೀ ಋಣ ಅಷ್ಟ. ಎರಡ ಮಕ್ಕಳು ಅಂತ ಬರದು ಕೊಡ್ರಿ.”

“ಅದನ್ನ ನಾ ಹೇಳಿದ್ದು,” ಎಂದ ಸೋಮು. ಆದರೆ ಅವನ ದನಿಯಲ್ಲಿ ಗೆಲುವಿರಲಿಲ್ಲ.

ಎರಡು ಎಂದು ಬರೆದರೆ ಹತ್ತು ನಿಮಿಷದ ಕೆಲಸ. ಬರೆದುಬಿಡೋಣ ಎಂದೇ ವಿದ್ಯಾವತಿಗೆ ಅನ್ನಿಸಿತು, ಸುಳ್ಳೇಕೆ ಹೇಳುವುದು. ಎಲ್ಲರಿಗೂ ಅದೇ ಬೇಕಿತ್ತು, ಮುದುಕನೂ ಒಪ್ಪಿದ್ದ. ಬೆರಳು ಕೀಲಿಯ ಮೇಲೆ ಹೋದವು. ಹೋದವು, ಒತ್ತಲಿಲ್ಲ. ಮೂವತ್ತೈದು ವರ್ಷ ಯಾರಿಗೂ ಹೇಳದ್ದನ್ನು ಈ ಮನುಷ್ಯ ಒಮ್ಮೆ ಹೇಳಿದ್ದ, ಅದನ್ನು ಹೇಳಿದ್ದು ಮಿಷನ್ನಿಗಲ್ಲ, ತನಗೆ. ಮಿಷನ್ನು ಮರೆಯಿತು ಸರಿ, ನಾನು ಎಲ್ಲಿ ಹೋ​ಗಿದ್ದೆ?

“ಕಾಕಾ, ನೀವು ಏನೂ ಹೇಳಬ್ಯಾಡ್ರಿ,” ಎಂದಳು. “ಹೊಟೇಲಿನ್ಯಾಗ ಚಾ ಕುಡೀರಿ, ಒಂದ ತಾಸು ಬಿಟ್ಟ ಬರ್ರಿ. ನಾ ಬರೀತೀನಿ. ತಪ್ಪಿದ್ರ ಹರದು ಒಗೀರಿ, ಆಮ್ಯಾಲ ಎರಡು ಅಂತ ಬರಿಯೂಣು.”

ಅವರು ಹೋದ ಮೇಲೆ ಹಳದಿ ದಾರದ್ದನ್ನು ಹಚ್ಚಿದಳು. ಕೀಲಿ ಹೊಂದಿಸಿದಳು. ಕಡತವನ್ನು ಮೊದಲೇ ಬೇರೆ ಪೆನ್‌ಡ್ರೈವಿಗೆ ಹಾಕಿಟ್ಟಳು. ‘ಈ ಕೆಳಗೆ ಸಹಿ ಮಾಡಿದ ನಾನು’ ಎನ್ನುವವರೆಗೆ ಬೆರಳು ತಾವೇ ಓಡಿದವು. ಅಲ್ಲಿಂದ ಮುಂದೆ ಏನೂ ಇರಲಿಲ್ಲ. ನಿನ್ನೆಯ ಒಂದು ತಾಸು ತಲೆಯಲ್ಲಿ ಹುಡುಕಿದರೆ ಪರದೆಯ ಹಾಗೆಯೇ ಬೋಳು. ಇಷ್ಟು ವರ್ಷ ಕೇಳಿದವಳಲ್ಲ ನಾನು, ಬರೀ ಹೊಡೆದವಳು ಎಂದುಕೊಂಡಳು. ಕಣ್ಣು ಮುಚ್ಚಿ ಕೂತಳು.

ಆಗ ಕಂಬಳಿಯ ತುಂಡು ನೆನಪಾಯಿತು, ನಿನ್ನೆ ತನ್ನ ಬೆರಳು ನಿಂತ ಜಾಗ. ಅದನ್ನೇ ಮೊದಲು ಬರೆದಳು. ಅದರ ಹಿಂದೆ ಬದು ಬಂತು, ಬದು ತೋರಿಸಿದ ಹೆಸರಿಲ್ಲದ ಒಳ್ಳೆಯವನು ಬಂದ, ಜ್ವರ ಬಂತು, ಹಿಂದೆ ತಿರುಗಿ ನೋಡುತ್ತ ನಡೆದ ಭೀಮಾಬಾಯಿ ಬಂದಳು. ಕಚೇರಿಯ ಕನ್ನಡ ಇದಕ್ಕೆ ಒಗ್ಗಲಿಲ್ಲ. ‘ಸದರಿ ಮಗುವು ಮೃತಪಟ್ಟಿದ್ದು’ ಎಂದು ಹೊಡೆದು ಅಳಿಸಿದಳು. ‘ನನ್ನ ಮಗಳು ಮಾಳವ್ವ ತೀರಿಕೊಂಡಳು’ ಎಂದು ಹೊಡೆದಳು. ನಡುವೆ ಸಂಗನಬಸವನ ಫೋನು ಬಂತು, ಸೋಮವಾರ ಗಾಡಿ ಎಷ್ಟು ಹೊತ್ತಿಗೆ ಕಳಿಸಲಿ ಎಂದು.

“ಗಾಡಿ ಬ್ಯಾಡೋ ಸಂಗೂ.”

“ಮಿಷನ್ ರಿಪೇರಿ ಆತೇನು?”

“ಮಿಷನ್ನಿಗಿ ಏನೂ ಆಗಿದ್ದಿಲ್ಲ. ಆಮ್ಯಾಲ ಮಾತಾಡ್ತೀನಿ, ಈಗ ಕೆಲಸದಾಗ ಅದೀನಿ,” ಎಂದು ಇಟ್ಟಳು. ಕಣ್ಣು ಉರಿಯುತ್ತಿದ್ದವು, ಮುಂಗೈ ನೋಯುತ್ತಿತ್ತು, ದಣಿವು ಎಲ್ಲಿಯೂ ಹೋಗಿರಲಿಲ್ಲ. ಆದರೂ ಬರೆದಳು.

ತಂದೆ ಮಗ ಬಂದಾಗ ಬಿಳಿ ಹಾಳೆಯ ಮೇಲೆ ಒಂದು ಪ್ರತಿ ತೆಗೆದಿಟ್ಟಿದ್ದಳು. ಸಹಿಯ ಜಾಗಕ್ಕೆ ಬೆರಳಿಡಲಿಲ್ಲ. ಕನ್ನಡಕ ಒರೆಸಿಕೊಂಡು ಓದಲು ಹಿಡಿದಳು. ಎಷ್ಟೋ ವರ್ಷದ ಮೇಲೆ ಓದುತ್ತಿದ್ದಳು. ಖಂಡಪ್ಪ ನೆಲ ನೋಡುತ್ತ ಕೇಳಿದ. ಜ್ವರದ ಹತ್ತಿರ ಕೈ ಎತ್ತಿದ.

“ಐದನೇ ದಿನ ಚುಮುಚುಮು ನಸಕಿನ್ಯಾಗ ಅಂತ ಹೇಳಿದ್ದೆ. ನೀವು ಮುಂಜಾನೆ ಅಂತ ಓದಿದ್ರಿ.”

“ನಸಕು ಅಂತ ಮಾಡ್ತೀನಿ ಕಾಕಾ.”

“ಮುಂದ ಓದ್ರಿ.”

ಕಲ್ಲು ಸಿಗಲಿಲ್ಲ ಎಂಬುದನ್ನು ಆಕೆ ಬರೆದಿದ್ದಳು. ಸಿಕ್ಕಿತು ಎಂದು ಹೆಂಡತಿಗೆ ಹೇಳಿದ್ದನ್ನು ಬರೆದಿರಲಿಲ್ಲ, ಅದು ಕಚೇರಿಗೆ ಬೇಕಾದ ಮಾತಲ್ಲ. ಖಂಡಪ್ಪನಿಗೆ ಅದು ತಿಳಿಯಿತು, ಆಕೆಯ ಮುಖ ನೋಡಿ ತಲೆಯಾಡಿಸಿದ. ಸೋಮು ಬೆನ್ನು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆ ಬೇಸಿಗೆ ಊರಲ್ಲೇ ಉಳಿದಿದ್ದ ಹುಡುಗ ಅವನು, ತಂಗಿಯ ಬಗ್ಗೆ ಅವನಿಗೂ ಇಷ್ಟು ಗೊತ್ತಿರಲಿಲ್ಲ.

ಓದು ಮುಗಿಯಿತು. ನಸಕು ಎಂದು ತಿದ್ದಿ, ಸ್ಟ್ಯಾಂಪ್ ಪೇಪರನ್ನು ಪ್ರಿಂಟರಿಗೆ ಕೊಟ್ಟಳು. ಬಿಸಿ ಹಾಳೆಯನ್ನು ಖಂಡಪ್ಪ ಎರಡೂ ಕೈಯಿಂದ ಹಿಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ನೋಡಿ, ಹಾಳೆಯನ್ನು ಮತ್ತೆ ಆಕೆಯ ಕಡೆ ಹಿಡಿದ.

“ಮಕ್ಕಳ ಹೆಸರ ಬರದೀರಲ್ಲ, ಅದರ ಕೆಳಗ ಒಂದ ಸಾಲ ಐತಿ. ಭೀಮಾಬಾಯಿದು. ಅದೊಂದ ಇನ್ನೊಮ್ಮೆ ಓದ್ರಿ ಯವ್ವಾ.”

ವಿದ್ಯಾವತಿ ಓದಿದಳು.

“ಭೀಮಾಬಾಯಿ ಗಂಡ ಖಂಡಪ್ಪ, ಇವರಿಗೆ ಹುಟ್ಟಿದ ಮಕ್ಕಳು ಒಟ್ಟು ಮೂರು.”